ಉಸಿರು ಬಿಡಬೇಡಿ

ಫೋಟೊ ಸ್ಟುಡಿಯೋದ ಹೊರಕೋಣೆ ಯಜಮಾನರದು, ಒಳಕೋಣೆ ಅಕ್ಕನದು. ಹೊರಗೆ ಬಿಳಿ ಪರದೆ, ಕೊಡೆ ಹೊತ್ತ ಎರಡು ದೀಪ, ತಿರುಗಿಸಿದಷ್ಟೂ ಎತ್ತರವಾಗುವ ಸ್ಟೂಲು, ಕನ್ನಡಿ, ಯಾರೂ ಹೊತ್ತೊಯ್ಯದಂತೆ ಕನ್ನಡಿಗೇ ದಾರ ಕಟ್ಟಿ ಇಳಿಬಿಟ್ಟ ಬಾಚಣಿಗೆ. ಮೊಳೆಯಲ್ಲಿ ಒಂದು ಕಪ್ಪು ಕೋಟು, ಕೋಟಿನ ಮೇಲೆ ಗಂಟು ಹಾಕಿಯೇ ಇಟ್ಟ ಟೈ. ಆ ಗಂಟು ಬಿಚ್ಚಿದ್ದನ್ನು ಕಂಡವರಿಲ್ಲ. ಊರಿನ ಅರ್ಧ ಗಂಡಸರು ಕೆಲಸಕ್ಕೆ ಅರ್ಜಿ ಹಾಕಿದ್ದು ಅದೇ ಗಂಟಿನಲ್ಲಿ. ಒಳಗೆ ಕಂಪ್ಯೂಟರು, ಪ್ರಿಂಟರು, ಕಾಗದ ಕತ್ತರಿಸುವ ಕಟರು, ಗೋಡೆ ಕಡೆಗೆ ಮುಖ ಮಾಡಿ ಕೂತ ಅಕ್ಕ. ಮೊಡವೆ ಎದ್ದ ಮುಖ ಹೊತ್ತು ಸಪ್ಪಗಾಗಿ ಬಂದವರಿಗೆ ಯಜಮಾನರು, "ಚಿಂತೆ ಬಿಡಿ, ಒಳಗಡೆ ಅಕ್ಕ ಇದ್ದಾರೆ, ಎಲ್ಲಾ ಸರಿ ಮಾಡ್ತಾರೆ" ಎನ್ನುತ್ತಿದ್ದರು. ಹೀಗೆ ಅವಳು ಎಲ್ಲರಿಗೂ ಒಳಗಿನ ಅಕ್ಕ ಆದಳು.

ಸರಿ ಮಾಡುವುದು ಅವಳ ಕೈಗೆ ಅಂಟಿಕೊಂಡ ವಿದ್ಯೆ. ಕಣ್ಣ ಕೆಳಗಿನ ಕಪ್ಪು, ಓರೆ ಕಾಲರು, ಕಿವಿಯ ಮೇಲೆ ಎದ್ದು ನಿಂತ ಕೂದಲು, ಎಲ್ಲವೂ ಮೌಸು ಎರಡು ಸಲ ಆಡಿದರೆ ಮಾಯ. ಅವಳ ನಿಜವಾದ ಹೆಚ್ಚುಗಾರಿಕೆ ಮಾತ್ರ ಗುಂಪು ಫೋಟೊದಲ್ಲಿ. ಐವತ್ತು ಜನ ನಿಂತರೆ ಐದು ಜನ ಕಣ್ಣು ಮುಚ್ಚುವವರೇ. ಅದಕ್ಕೇ ಯಜಮಾನರು ಒಂದೇ ಗುಂಪನ್ನು ನಾಲ್ಕಾರು ಸಲ ಕ್ಲಿಕ್ಕಿಸುತ್ತಿದ್ದರು. ಅಕ್ಕ ಒಂದು ಫೋಟೊದಲ್ಲಿ ಕಣ್ಣು ಮುಚ್ಚಿದವರ ತಲೆಯನ್ನು ಇನ್ನೊಂದರಿಂದ ತಂದು ಕುತ್ತಿಗೆಯ ಮೇಲೆ ಕೂರಿಸುತ್ತಿದ್ದಳು. ಇದಕ್ಕೆ ಸ್ಟುಡಿಯೋದ ಭಾಷೆಯಲ್ಲಿ ತಲೆ ಬದಲಿಸುವುದು ಎಂದು ಹೆಸರು. "ಎಷ್ಟು ತಲೆ ಹೋಯ್ತು ತಂಗಿ?" ಎಂದು ಯಜಮಾನರು ಹೊರಗಿನಿಂದ ಕೂಗುವರು. "ಮೂರು ಹೋಯ್ತು, ಹೆಡ್ಮಾಸ್ಟರದ್ದೂ ಸೇರಿ" ಎಂದು ಅಕ್ಕ ಒಳಗಿನಿಂದ. ಮೊದಲ ಸಲ ಕೇಳಿದ ಗಿರಾಕಿಗಳು ಕುರ್ಚಿಯಲ್ಲೇ ಸ್ವಲ್ಪ ಹಿಂದಕ್ಕೆ ಸರಿಯುತ್ತಿದ್ದರು.

ಆಗ ಅಕ್ಕ ನಗುತ್ತಿದ್ದಳು. ಎಡಗೈ ಎದ್ದು ಬಾಯಿಗೆ ಬಾಗಿಲು ಹಾಕಿದ ಮೇಲೆ ಒಳಗಡೆ ನಗು. "ನೀನು ನಗೋದು ಕೇಳಿಸುತ್ತೆ ಕಣೇ, ಕಾಣಿಸಲ್ಲ" ಎಂದು ಲಿಫ್ಟ್ ರಿಪೇರಿ ಕೆಲಸದ ಅವಳ ಗಂಡ ಮದುವೆಯಾದ ಹೊಸದರಲ್ಲಿ ಹೇಳಿದ್ದ. ಒಂದೆರಡು ಸಲ ಆ ಕೈಯನ್ನು ಮೆತ್ತಗೆ ಕೆಳಗಿಳಿಸಲು ನೋಡಿದ್ದ. ಅವಳು ಎರಡು ದಿನ ಮಾತು ಬಿಟ್ಟಳು. ಆಮೇಲೆ ಅವನು ಆ ಗೊಡವೆಗೆ ಹೋಗಲಿಲ್ಲ.

ಕೈ ಹಾಗೆ ಏಳುವುದಕ್ಕೆ ಶುರುವಾದದ್ದು ಹೈಸ್ಕೂಲಿನಲ್ಲಿ. ಅಲ್ಲಿ ಅವಳ ಹೆಸರು ತುರಿಮಣೆ. ಮುಂದಿನ ಎರಡು ಹಲ್ಲು ತುಟಿಯ ಹೊಸಿಲು ದಾಟಿ ಹೊರಗೆ ನಿಂತಿದ್ದವು. ಒಂದು ದಿನ ಹಿಂದಿನ ಬೆಂಚಿನವಳು ಮನೆಯಿಂದ ತೆಂಗಿನ ಹೋಳು ತಂದು, "ತುರಿಮಣೆ, ಇದನ್ನ ಸ್ವಲ್ಪ ತುರಿದುಕೊಡ್ತೀಯಾ? ನಮ್ಮನೇದು ಮೊಂಡಾಗಿದೆ" ಎಂದು ಕೇಳಿದಳು. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಅತ್ತರೆ ಮರ್ಯಾದೆ ಹೋಗುತ್ತದೆಂದು ಅವಳೂ ನಕ್ಕಳು. ನಕ್ಕಾಗ ಹಲ್ಲು ಇನ್ನಷ್ಟು ಕಂಡವು, ನಗು ಇನ್ನಷ್ಟು ಜೋರಾಯಿತು. ಅವತ್ತು ಏರಿದ ಕೈ ಮತ್ತೆ ಇಳಿಯಲಿಲ್ಲ.

ಮನೆಯಲ್ಲಿ ಅವಳ ಅಮ್ಮನದೂ ಅದೇ ರಾಗ. ಬೈಗುಳವಲ್ಲ, ಪ್ರೀತಿಯೇ. ತಲೆ ಬಾಚುತ್ತಾ, "ಬಾಯಿ ಕೂಡಿಸ್ಕೊಂಡು ನಗು ಮಗಳೇ, ಎಷ್ಟು ಲಕ್ಷಣವಾಗಿ ಕಾಣ್ತೀಯ" ಎನ್ನುವಳು. ಮಗಳು ಬಚ್ಚಲಿನ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಮೇಲಿನ ತುಟಿ ಕೆಳಗೆಳೆಯುವ ಅಭ್ಯಾಸ ಮಾಡಿದಳು. ವಸಡು ನೋಯುವ ತನಕ ಹೆಬ್ಬೆರಳಿನಿಂದ ಹಲ್ಲನ್ನು ಒಳಕ್ಕೆ ಒತ್ತಿದಳು. ಗದ್ದಕ್ಕೆ ಬಟ್ಟೆ ಬಿಗಿದು ಮಲಗಿದಳು. ಗಟ್ಟಿಯಾಗಿ ಪಾಠ ಓದುವ ಸರದಿ ಬಂದ ದಿನವೆಲ್ಲ ಅವಳಿಗೆ ಗಂಟಲು ನೋವು. ಹಲ್ಲು ಮಾತ್ರ ಇದ್ದಲ್ಲೇ ಇದ್ದವು.

ಓದು ಮುಗಿಸಿ ಅರ್ಜಿಗೆ ಫೋಟೊ ತೆಗೆಸಲು ಇದೇ ಸ್ಟುಡಿಯೋಗೆ ಬಂದಿದ್ದಳು. ಆಗ ಒಳಕೋಣೆಯಲ್ಲಿದ್ದವರು ಅವಳ ತುಟಿಯನ್ನು ಕೂಡಿಸಿ, ಗದ್ದವನ್ನು ಒಂದಿಷ್ಟು ಸವರಿ, ಪ್ರಿಂಟು ಕೈಗೆ ಕೊಟ್ಟರು. ಅದರಲ್ಲಿದ್ದ ಹುಡುಗಿಯನ್ನು ನೋಡಿ ಅವಳಿಗೆ ಹೋದ ಜೀವ ಬಂದಂತಾಯಿತು. ಆ ವಿದ್ಯೆ ನನಗೂ ಬೇಕು ಎಂದು ಅಲ್ಲೇ ನಿಂತಳು. ಇಪ್ಪತ್ತು ವರ್ಷವಾದರೂ ಎದ್ದು ಹೋಗಿಲ್ಲ.

ಮಗಳು ಹುಟ್ಟಿದಾಗ ಬೇರೆ ತಾಯಂದಿರು ಮಗುವಿನ ಬಣ್ಣ, ಮೂಗು ನೋಡಿದರೆ ಅಕ್ಕ ನೋಡಿದ್ದು ಬರಿಯ ವಸಡು. ಹಾಲುಹಲ್ಲು ಮುತ್ತಿನ ಹಾಗೆ ಬಂದವು, ಅವಳು ನೆಮ್ಮದಿಯ ಉಸಿರು ಬಿಟ್ಟಳು. ಅವು ಬಿದ್ದು ಹೊಸವು ಬರುವಾಗ ದಿನವೂ ಸಂಜೆ ಮಗಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ಒಂದು ಸಂಜೆ ಕಂಡಿತು. ಎರಡೂ ಮುಂದಕ್ಕೆ ವಾಲಿದ್ದವು. "ಏನಮ್ಮಾ, ಹುಳುಕಾ?" ಎಂದು ಮಗಳು ಬಾಯಿ ತೆರೆದುಕೊಂಡೇ ಕೇಳಿದಳು. "ಏನಿಲ್ಲ, ಚೆನ್ನಾಗಿ ಉಜ್ಜು" ಎಂದು ಗದ್ದ ಬಿಟ್ಟಳು.

ಮಗಳಿಗೆ ಮಾತ್ರ ಈ ಚಿಂತೆಯ ಗಾಳಿಯೂ ಸೋಕಿರಲಿಲ್ಲ. ಎದ್ದಾಗಿನಿಂದ ಚಿಲಿಪಿಲಿ ಎನ್ನುವುದಕ್ಕೆ ಅವಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಬಾಯಿ ತುಂಬ ಮಾತು, ಬಾಯಿ ತುಂಬ ನಗು. ಹೈಸ್ಕೂಲಿಗೆ ಬರುವಷ್ಟರಲ್ಲಿ ಶಾಲೆಯ ಕಾರ್ಯಕ್ರಮವೆಂದರೆ ಮೈಕು ಗುಬ್ಬಿಯ ಕೈಗೆ ಎಂಬಂತಾಗಿತ್ತು. ಶಾಲೆ ಬಿಟ್ಟ ಮೇಲೆ ಸ್ಟುಡಿಯೋಗೆ ಬಂದು ಸ್ಟೂಲಿನ ಮೇಲೆ ಗಿರಗಿರ ತಿರುಗುತ್ತಾ ಯಜಮಾನರ ತಲೆ ತಿನ್ನುವಳು. ಅವರಿಗೆ ಮಾಮ ಎನ್ನುವಳು. ಅಕ್ಕ ಒಳಗೆ ಕೂತು ಆ ನಗುವನ್ನು ಕೇಳುತ್ತಾ, ಇವಳನ್ನು ತುರಿಮಣೆ ಎಂದು ಕೂಗುವವರು ಇನ್ನೂ ಸಿಕ್ಕಿಲ್ಲ, ಸಿಕ್ಕೇ ಸಿಗುತ್ತಾರೆ ಎಂದು ಕಾಯುತ್ತಿದ್ದಳು.

ಆ ವರ್ಷ ಗುಬ್ಬಿಯ ತರಗತಿಯ ಗುಂಪು ಫೋಟೊ ಇದೇ ಸ್ಟುಡಿಯೋದ ಪಾಲಿಗೆ ಬಂತು. ಯಜಮಾನರೇ ಶಾಲೆಗೆ ಹೋಗಿ ಮಕ್ಕಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಎಂದಿನಂತೆ, "ಅಲುಗಾಡಬೇಡಿ. ಉಸಿರು ಬಿಡಬೇಡಿ!" ಎಂದು ಗದರಿದರು.

ಎರಡನೇ ಸಾಲಿನಿಂದ ಗುಬ್ಬಿಯ ದನಿ ಬಂತು. "ಎಷ್ಟು ದಿನ ಮಾಮಾ?"

ಗುಂಪು ಭುಗಿಲ್ಲೆಂದಿತು. ಬೆತ್ತಕ್ಕಿಂತ ನೆಟ್ಟಗೆ ಕೂರುವ ಹೆಡ್ಮಾಸ್ಟರ ಭುಜವೂ ಕುಲುಕಿತು. ಯಜಮಾನರು ಅದೇ ಭರದಲ್ಲಿ ನಾಲ್ಕು ಸಲ ಕ್ಲಿಕ್ಕಿಸಿದರು. "ಇಂಥಾ ಗುಂಪು ಫೋಟೊ ನನ್ನ ಜನ್ಮದಲ್ಲಿ ತೆಗೆದಿಲ್ಲ ತಂಗಿ, ನಿನ್ನ ಮಗಳ ಪುಣ್ಯ" ಎಂದು ಕ್ಯಾಮೆರಾದ ಕಾರ್ಡು ಅವಳ ಕೈಗಿಟ್ಟರು.

ಅಕ್ಕ ನಾಲ್ಕನ್ನೂ ತೆರೆದಳು. ಮೂರರಲ್ಲಿ ಮಗಳು ತಲೆ ಹಿಂದಕ್ಕೆ ಎಸೆದು ನಗುತ್ತಿದ್ದಳು, ಎರಡೂ ಹಲ್ಲು ಬೆಳಕು ಹಿಡಿದು ಹೊಳೆಯುತ್ತಿದ್ದವು. ನಾಲ್ಕನೆಯದರಲ್ಲಿ ಉಗುಳು ನುಂಗಲೋ ಏನೋ ತುಟಿ ಕೂಡಿತ್ತು. ಅಕ್ಕ ಯೋಚಿಸಿದಳು ಎಂದರೆ ಸುಳ್ಳಾದೀತು. ಕಣ್ಣು ಮುಚ್ಚಿದ ಮೂವರ ತಲೆ ಬದಲಿಸಿದಳು, ಅದೇ ಓಟದಲ್ಲಿ ಗುಬ್ಬಿಯದನ್ನೂ ಬದಲಿಸಿದಳು. ಕುತ್ತಿಗೆಯ ನೆರಳು ಸರಿಮಾಡಿ, ಎಲ್ಲೂ ಹೊಲಿಗೆ ಕಾಣದ ಹಾಗೆ ಅಂಚು ಸವರಿ, ಪ್ರಿಂಟಿಗೆ ಕೊಟ್ಟಳು. ಹೊರಗಿನಿಂದ ಎಂದಿನ ಪ್ರಶ್ನೆ ಬಂತು, "ಎಷ್ಟು ತಲೆ ಹೋಯ್ತು?"

"ಮೂರು" ಎಂದಳು ಅಕ್ಕ.

ಫೋಟೊ ಶಾಲೆಯಲ್ಲಿ ಹಂಚಿದ ದಿನ ಗುಬ್ಬಿ ಮನೆಗೆ ಬಂದು ಚೀಲವನ್ನೂ ಇಳಿಸದೆ ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಐವತ್ತು ಮುಖ ನಗುತ್ತಿದ್ದವು. ನಡುವೆ ಒಂದು ಮುಖ, ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಈಗಷ್ಟೇ ಬಂದಂತಿತ್ತು.

"ಎಲ್ಲರೂ ಕೇಳ್ತಾ ಇದ್ದಾರಮ್ಮ, ಜೋಕ್ ಹೇಳಿದೋಳೇ ಯಾಕೆ ಮುಖ ಊದಿಸ್ಕೊಂಡಿದ್ದಾಳೆ ಅಂತ. ನಾನು ನಗ್ತಾ ಇದ್ನಲ್ಲ? ತಲೆ ಬದಲಿಸಿದ್ಯಾ?"

"ಬೇರೆ ಎಲ್ಲದರಲ್ಲೂ ನಿನ್ನ ಕಣ್ಣು ಮುಚ್ಚಿತ್ತು ಕಣೇ. ಇದ್ದದ್ದು ಇದೊಂದೇ." ಅಕ್ಕ ಒಲೆಯ ಕಡೆಗೆ ತಿರುಗಿಯೇ ಹೇಳಿದಳು.

"ಅಯ್ಯೋ, ನನ್ನ ಕಣ್ಣಿಗಿಷ್ಟು" ಎಂದು ಗುಬ್ಬಿ ನಕ್ಕು ಬಟ್ಟೆ ಬದಲಿಸಲು ಹೋದಳು. ನಂಬಿದಳು. ಅಮ್ಮನನ್ನು ನಂಬದೆ ಇನ್ನು ಯಾರನ್ನು ನಂಬುವುದು?

ಬಯಲಾಗಲು ಒಂದು ವಾರವೂ ಹಿಡಿಯಲಿಲ್ಲ. ಅಕ್ಕ ಕಾಗದದ ಕಟ್ಟು ತರಲು ಹೋಗಿದ್ದ ಹೊತ್ತು, ಗುಬ್ಬಿ ಸ್ಟುಡಿಯೋಗೆ ಬಂದಳು. ಯಜಮಾನರು ಉತ್ಸಾಹದಿಂದ, "ಬಾ ಬಾ, ನೀನು ನಗಿಸಿದ ಗುಂಪನ್ನ ದೊಡ್ಡದಾಗಿ ನೋಡು" ಎಂದು ಒಳಗೆ ಕರೆದು ನಾಲ್ಕೂ ಫೋಟೊ ತೆರೆದರು. ಅಕ್ಕ ಮರಳಿದಾಗ ಮಗಳು ಅವಳ ಕುರ್ಚಿಯಲ್ಲಿ ಕೂತಿದ್ದಳು. ಪರದೆಯ ತುಂಬ ಅವಳದೇ ಮುಖ. ಕಣ್ಣು ಎರಡೂ ತೆರೆದೇ ಇದ್ದವು.

ಯಜಮಾನರು ಇಬ್ಬರ ಮುಖ ನೋಡಿ, ಏನೋ ಆಗಿದೆ ಎಂದು ತಿಳಿದು ಹೊರಗೆ ಹೋದರು.

"ನನ್ನ ಹಲ್ಲು ಅಷ್ಟು ಕೆಟ್ಟದಾಗಿದ್ಯಾ?" ಎಂದಳು ಗುಬ್ಬಿ.

"ಇಲ್ಲ ಪುಟ್ಟಾ..."

"ಮತ್ತೆ ಯಾಕೆ?"

ಅಕ್ಕ ಬಾಯಿ ತೆರೆಯಲು ಹೋದಳು. ಕೈ ಮೊದಲು ಎದ್ದಿತು. ಮಗಳು ಆ ಕೈಯನ್ನೇ ನೋಡಿದಳು. ಹುಟ್ಟಿದಾಗಿನಿಂದ ನೋಡಿದ್ದ ಕೈ, ಅಮ್ಮನ ಅಭ್ಯಾಸವೆಂದು ಬಿಟ್ಟಿದ್ದ ಕೈ. ಈಗ ಅದು ಯಾಕೆ ಏಳುತ್ತದೆಂದು ಅರ್ಥವಾದಂತಿತ್ತು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವಳ ಅಪ್ಪ ಏನೋ ತಮಾಷೆ ಹೇಳಿದ. ಗುಬ್ಬಿ ನಕ್ಕಳು. ಅವಳ ಎಡಗೈ ಎದ್ದು ಬಾಯಿ ಮುಚ್ಚಿತು. ಅಕ್ಕ ತಟ್ಟೆ ಪಕ್ಕಕ್ಕೆ ಸರಿಸಿದಳು. ಯಾರೋ ಕೂಗುತ್ತಾರೆ ಎಂದು ಇಷ್ಟು ವರ್ಷ ಕಾದದ್ದೇ ಬಂತು. ಶಾಲೆಯಲ್ಲಿ ಯಾರೂ ಕೂಗಿರಲಿಲ್ಲ. ಕೂಗಿದವಳು ತಾನೇ.

ಅಲ್ಲಿಂದ ಮನೆ ಬಿಕೋ ಎಂದಿತು. ಗುಬ್ಬಿ ಮಾತಾಡುತ್ತಿದ್ದಳು, ಬೇಕಾದಷ್ಟು ಮಾತ್ರ, ಗದ್ದ ಕೆಳಗೆ ಮಾಡಿಕೊಂಡು. ಶಾಲೆಯ ವಾರ್ಷಿಕೋತ್ಸವಕ್ಕೆ ನಿರೂಪಣೆ ಒಲ್ಲೆ ಎಂದು ಟೀಚರಿಗೆ ಹೇಳಿಬಂದಳು. ಯಾಕೆ ಎಂದು ಕೇಳಿದರೆ, "ಗಂಟಲು ನೋವು." ಆ ಎರಡು ಪದ ಕೇಳಿ ಅಕ್ಕ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತಳು.

ಕೈಕಟ್ಟಿ ಕೂರುವ ಜಾಯಮಾನ ಅವಳದಲ್ಲ. ಹಲ್ಲಿನ ಡಾಕ್ಟರ ಬಳಿ ಹೋಗಿ ವಿಚಾರಿಸಿ ಬಂದು, "ಕ್ಲಿಪ್ ಹಾಕಿಸೋಣ ಪುಟ್ಟಾ, ನಿನ್ನ ವಯಸ್ಸಿಗೆ ಬೇಗ ಕೂಡುತ್ತಂತೆ" ಎಂದಳು.

ಗುಬ್ಬಿ ಪುಸ್ತಕದಿಂದ ತಲೆಯೆತ್ತಲಿಲ್ಲ. "ಮೊದಲು ಫೋಟೊದಲ್ಲಿ ಸರಿ ಮಾಡಿದೆ. ಈಗ ನನ್ನನ್ನೇ ಸರಿ ಮಾಡ್ತೀಯಾ?"

ಇದನ್ನೆಲ್ಲ ಮೂಲೆಯ ಮಂಚದಿಂದ ಕೇಳುತ್ತಿದ್ದವಳು ಅಕ್ಕನ ಅಮ್ಮ, ಗುಬ್ಬಿಯ ಅಜ್ಜಿ. ಮೊಮ್ಮಗಳು ಶಾಲೆಗೆ ಹೋದ ಮೇಲೆ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಲೋಟದ ನೀರಿನಲ್ಲಿ ಅವಳ ಕಟ್ಟಿಸಿದ ಹಲ್ಲಿನ ಸೆಟ್ಟು ಮುಳುಗಿತ್ತು.

"ನನ್ನದೂ ನಿನ್ನ ಹಾಗೇ ಇತ್ತು, ಮರೆತುಬಿಟ್ಟಿದ್ದೀಯ. ನನಗೂ ಏನೇನೋ ಅಂತಿದ್ರು. ನಿನಗೆ ಯಾರೂ ಅನ್ನೋದು ಬೇಡ ಅಂತ ನಾನೇ ಮೊದಲು ಅಂದುಬಿಟ್ಟೆ. ಬಾಯಿ ಕೂಡಿಸು, ಬಾಯಿ ಕೂಡಿಸು ಅಂತ." ಬೊಚ್ಚು ಬಾಯಲ್ಲಿ ಮಾತು ಜಾರುತ್ತಿತ್ತು. "ಇದನ್ನ ಕಟ್ಟಿಸಿದ ದಿನ ಕನ್ನಡಿ ನೋಡ್ಕೊಂಡೆ. ಗೆರೆ ಎಳೆದ ಹಾಗೆ ಸಾಲಾಗಿತ್ತು. ಜನ್ಮವೆಲ್ಲ ಬೇಡಿದ್ದು ಅದೇ. ಆದ್ರೆ ಅಲ್ಲಿದ್ದೋಳು ಯಾರೋ. ನಮ್ಮಮ್ಮನ ಮುಖ ಇತ್ತು ನನ್ನ ಮುಖದಲ್ಲಿ, ಅದು ಹೋಗಿಬಿಟ್ಟಿತ್ತು. ಅತ್ತುಬಿಟ್ಟೆ ಕಣೇ. ನಿನಗೆ ಹೇಳಲಿಲ್ಲ."

ಅಕ್ಕ ಎದ್ದು ಲೋಟದ ನೀರು ಬದಲಿಸಿ ತಂದಿಟ್ಟಳು.

ಆ ಮಧ್ಯಾಹ್ನ ಸ್ಟುಡಿಯೋದಲ್ಲಿ ಮಗಳ ನಗುವ ಮುಖವನ್ನು ಮತ್ತೆ ತೆರೆದಳು, ದೊಡ್ಡದು ಮಾಡಿದಳು, ಇನ್ನೂ ದೊಡ್ಡದು. ಹಲ್ಲು ನೋಡಲು ಹೋದ ಕಣ್ಣು ಮೂಗಿನ ಮೇಲೆ ಎದ್ದ ಸುಕ್ಕಿನಲ್ಲಿ ಸಿಕ್ಕಿಕೊಂಡಿತು. ಅಜ್ಜಿ ನಕ್ಕಾಗ ಏಳುವ ಸುಕ್ಕು ಅದು. ತನ್ನ ಮೂಗಿನ ಮೇಲೂ ಏಳುತ್ತದೆಯೋ ಏನೋ, ಅವಳಿಗೆ ಗೊತ್ತಿರಲಿಲ್ಲ. ತಾನು ನಗುವುದನ್ನು ಅವಳು ನೋಡಿಯೇ ಇರಲಿಲ್ಲ.

ಇದನ್ನೇ ಪ್ರಿಂಟು ಹಾಕಿ ಐವತ್ತು ಮಕ್ಕಳಿಗೂ ಹಂಚಿಬಿಡಲೇ ಎಂದು ಕೈ ಮುಂದಾಯಿತು. ತಡೆದುಕೊಂಡಳು. ಕೇಳದೆ ಮಾಡಿದ್ದು ಒಂದು ಸಲ ಸಾಕಾಗಿತ್ತು. ಸಂಜೆ ಮಗಳ ಮುಂದೆ ಕೂತು, ಈ ಸಲ ಒಲೆಯ ಕಡೆಗೆ ತಿರುಗದೆ, ಎಲ್ಲ ಹೇಳಿದಳು. ತುರಿಮಣೆ, ತೆಂಗಿನ ಹೋಳು, ಗದ್ದದ ಬಟ್ಟೆ.

"ತಪ್ಪು ನಿನ್ನ ಹಲ್ಲಿಂದಲ್ಲ. ನನ್ನ ಕೈಯದು. ಸರಿಯಾದ ಫೋಟೊ ಮತ್ತೆ ಪ್ರಿಂಟ್ ಹಾಕಿ ಎಲ್ಲರಿಗೂ ಕೊಡಲಾ?"

"ಬೇಡ. ಆಗ ಎಲ್ಲರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ."

ನಿಜ. ಅದು ಅಕ್ಕನಿಗೆ ಹೊಳೆದಿರಲಿಲ್ಲ.

ಗುಬ್ಬಿ ಅಮ್ಮನ ಕಡೆ ತಿರುಗಿ, "ನಿನ್ನ ಒಂದು ಫೋಟೊ ತೋರಿಸು, ಹಲ್ಲು ಕಾಣೋದು" ಎಂದಳು.

ಇಬ್ಬರೂ ಆಲ್ಬಮ್ಮು ತೆಗೆದರು. ಮದುವೆ, ಹೊಸ ಮನೆ, ಗುಬ್ಬಿಯ ಮೊದಲ ಹೆಜ್ಜೆ. ಪ್ರತಿಯೊಂದರಲ್ಲೂ ಅಕ್ಕನ ತುಟಿ ಅಂಟು ಹಾಕಿದಂತೆ ಕೂಡಿತ್ತು. ಇಲ್ಲವೇ ಮುಂದೆ ಕೈ ಇತ್ತು, ಇಲ್ಲವೇ ಮಗು ಇತ್ತು. ಗುಬ್ಬಿ ಕೊನೆಯ ಪುಟ ಮುಚ್ಚಿದಳು.

"ನೀನೇ ನಾಚ್ಕೊಂಡು, ನನಗೆ ಮಾತ್ರ ಚೆನ್ನಾಗಿದೆ ಅಂದ್ರೆ ಹೇಗಮ್ಮ ನಂಬೋದು?"

ಸ್ಟುಡಿಯೋಗೆ ವಾರದ ರಜೆ ಇದ್ದ ದಿನ ಯಜಮಾನರಿಂದ ಬೀಗದ ಕೈ ಇಸಿದುಕೊಂಡು ಇಬ್ಬರೂ ಬಂದರು. ಗುಬ್ಬಿ ದೀಪ ಹಾಕಿದಳು, ಸ್ಟೂಲು ಎತ್ತರಿಸಿದಳು, ಮಾಮನ ಹಾಗೆ ಒಂದು ಕಣ್ಣು ಮುಚ್ಚಿ ಕ್ಯಾಮೆರಾ ಹಿಡಿದಳು. ಇಪ್ಪತ್ತು ವರ್ಷ ಗೋಡೆಯ ಆಚೆ ಕೂತಿದ್ದ ಅಕ್ಕ ಆ ಅರ್ಜಿಯ ಫೋಟೊ ಆದ ಮೇಲೆ ಮೊದಲ ಸಲ ಪರದೆಯ ಮುಂದೆ ಕೂತಳು. ದೀಪದ ಬಿಸಿಗೆ ಹಣೆ ಬೆವರಿತು. ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು.

"ನಗು."

ಅಕ್ಕ ನಕ್ಕಳು. ತುಟಿ ಬಿಡಲಿಲ್ಲ.

"ಬಾಯಿ ಬಿಟ್ಟು."

ಬಾಯಿ ಬಿಟ್ಟಳು. ಅದು ನಗುವಲ್ಲ, ಹಲ್ಲಿನ ಡಾಕ್ಟರಿಗೆ ತೋರಿಸುವ ಹಾಗಿತ್ತು. ಒಂದು, ಎರಡು, ಮತ್ತೊಂದು ಕ್ಲಿಕ್. ಯಾವುದರಲ್ಲೂ ನಗುವಿಲ್ಲ. ತುಟಿಗೆ ದಾರಿಯೇ ಮರೆತುಹೋಗಿತ್ತು. ಅಕ್ಕನ ಕಣ್ಣಲ್ಲಿ ನೀರು ತುಂಬಿತು. "ಆಗಲ್ಲ ಪುಟ್ಟಾ. ನನ್ನ ಕೈಲಿ ಆಗಲ್ಲ."

ಗುಬ್ಬಿ ಕ್ಯಾಮೆರಾ ಇಳಿಸಿದಳು. ಏನು ಮಾಡುವುದೆಂದು ಅವಳಿಗೂ ತೋಚದೆ, ಮತ್ತೆ ಎತ್ತಿ, ಯಜಮಾನರ ಗಡಸು ದನಿಯನ್ನೇ ತಂದುಕೊಂಡು ಗದರಿದಳು. "ಅಲುಗಾಡಬೇಡಿ! ಉಸಿರು ಬಿಡಬೇಡಿ!"

ಅಕ್ಕ ಮೂಗು ಎಳೆದುಕೊಂಡು, "ಎಷ್ಟು ದಿನ ಮಾಮಾ?" ಎಂದಳು.

ಹೇಳಿದ ಮೇಲೆ ತನ್ನ ಮಾತು ತನ್ನ ಕಿವಿಗೇ ಬಿತ್ತು. ನಗು ಹೊಟ್ಟೆಯಿಂದ ಹೊರಟಿತು, ತಡೆಯಲು ಹೊತ್ತೇ ಸಿಗಲಿಲ್ಲ. ತೊಡೆಯ ಕೆಳಗಿನಿಂದ ಎಡಗೈ ಬಿಡಿಸಿಕೊಂಡು ಬಂತು, ಅರ್ಧ ದಾರಿಯಲ್ಲಿತ್ತು. ಕ್ಲಿಕ್.

ಒಳಕೋಣೆಯಲ್ಲಿ ಅದನ್ನು ತೆರೆದು ನೋಡಿದರು. ಕೈ ಅಲುಗಾಡಿ ಮಸುಕಾಗಿತ್ತು, ಒಂದು ಕಣ್ಣಲ್ಲಿ ನೀರಿತ್ತು, ಹಲ್ಲು ಎರಡೂ ಇದ್ದವು, ಮೂಗಿನ ಮೇಲೆ ಸುಕ್ಕಿತ್ತು. ಯಜಮಾನರಾದರೆ ಮರುಮಾತಿಲ್ಲದೆ ಅಳಿಸುತ್ತಿದ್ದ ಫೋಟೊ. ಅಕ್ಕನ ಮೌಸು ಮೆಲ್ಲಗೆ ತುಟಿಯ ಕಡೆಗೆ ಸರಿಯಿತು.

"ಅಮ್ಮಾ, ಕೈ ತೆಗಿ."

ತೆಗೆದಳು. ಹಾಗೆಯೇ ಪ್ರಿಂಟು ಹಾಕಿದಳು. ನೋಡಲು ಇನ್ನೂ ಕಷ್ಟವೇ ಆಯಿತು. ಚೆನ್ನಾಗಿದೆ ಎನ್ನಿಸಲಿಲ್ಲ, ತನ್ನದು ಎನ್ನಿಸಿತು. ಗುಬ್ಬಿ ಅಂಚು ಕತ್ತರಿಸಿ ಅದನ್ನು ಚೀಲದೊಳಗೆ ಇಟ್ಟುಕೊಂಡಳು.

"ಶಾಲೆಗೆ ತಗೊಂಡು ಹೋಗ್ತೀಯಾ?"

"ಅಯ್ಯೋ ಇಲ್ಲಪ್ಪ. ಸುಮ್ಮನೆ ಇರ್ಲಿ." ಹೇಳುವಾಗ ಅವಳ ಕೈ ಬಾಯಿಯ ಮುಂದೆಯೇ ಇತ್ತು. ನಿರೂಪಣೆಯನ್ನು ಟೀಚರು ಆಗಲೇ ಬೇರೆಯವಳಿಗೆ ಕೊಟ್ಟಾಗಿತ್ತು. ಶಾಲೆಯ ಗೋಡೆಯ ಮೇಲೆ ಆ ಗುಂಪು ಫೋಟೊ, ನಡುವೆ ಮುಖ ಊದಿಸಿಕೊಂಡ ಹುಡುಗಿಯ ಸಮೇತ, ಇನ್ನೂ ಎಷ್ಟೋ ವರ್ಷ ಇರುತ್ತದೆ. ಅದನ್ನು ಬದಲಿಸುವ ಮೌಸು ಅಕ್ಕನ ಬಳಿ ಇರಲಿಲ್ಲ.

ದೀಪ ಆರಿಸಿ ಹೊರಗೆ ಬಂದರು. ಸ್ಟುಡಿಯೋದ ಕಬ್ಬಿಣದ ಷಟರು ಹಳೆಯದು, ತುಕ್ಕು ಹಿಡಿದದ್ದು, ಒಬ್ಬರ ಕೈಗೆ ಬಗ್ಗದು. ತಾಯಿ ಒಂದು ಕಡೆ, ಮಗಳು ಒಂದು ಕಡೆ ಹಿಡಿದು ಜೋತುಬಿದ್ದರು. ಅದು ಅರ್ಧಕ್ಕೆ ಬಂದು ಸಿಕ್ಕಿಕೊಂಡು, ಬೀದಿಯೆಲ್ಲ ತಿರುಗಿ ನೋಡುವಂತೆ ಕಿರ್ರೋ ಎಂದು ಕಿರುಚಿತು.

"ಅಜ್ಜಿ ಗೊರಕೆ!" ಎಂದಳು ಗುಬ್ಬಿ.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆದರೆ ಆ ಷಟರಿಗೆ ಎರಡೂ ಕೈ ಬೇಕು. ಬಿಟ್ಟರೆ ಮತ್ತೆ ಮೇಲಕ್ಕೆ ಹಾರುತ್ತದೆ. ಬೀದಿಯವರು ನೋಡುತ್ತಿದ್ದಂತೆ ಇಬ್ಬರೂ ನಗುತ್ತಾ, ಕೈ ಬಿಡದೆ, ಅದನ್ನು ನೆಲ ಮುಟ್ಟುವ ತನಕ ಎಳೆದರು.